ಊದುಬತ್ತಿ ಹಚ್ಚುವ ಮೊದಲು

ಮನೆಯಲ್ಲಿ ಏನೋ ಒಂದು ಥರಾ ವಾಸನೆ ಬಂದರೆ ನಮ್ಮ ಕಡೆ ಜನ ಮೊದಲು ಏನು ಹುಡುಕುತ್ತಾರೆ? ವಾಸನೆ ಎಲ್ಲಿಂದ ಬಂತು ಅಂತ ಅಲ್ಲ, ಊದುಬತ್ತಿ ಪೊಟ್ಟಣ ಎಲ್ಲಿದೆ ಅಂತ! ಎರಡು ಕಡ್ಡಿ ಹಚ್ಚಿ ಬಾಗಿಲ ಸಂದಿಗೆ ಸಿಕ್ಕಿಸಿದರೆ ಕೆಲಸ ಮುಗಿಯಿತು. ಬಚ್ಚಲಾದರೆ ಫಿನಾಯಿಲ್, ಬೀರುವಾದರೆ ನುಸಿಗುಳಿಗೆ, ನಾಲ್ಕು ಕಾಸು ಇದ್ದವರ ಮನೆಯಾದರೆ ಫುಸ್ ಎನ್ನುವ ಸೆಂಟಿನ ಡಬ್ಬಿ. ಶಾಲೆಗಳೂ ಇದಕ್ಕೆ ಹೊರತಲ್ಲ ಬಿಡಿ. ತಪಾಸಣೆಗೆ ಯಾರೋ ಬರುತ್ತಾರೆ ಎಂದು ಗೊತ್ತಾದರೆ ಸಾಕು, ಶೌಚಾಲಯಕ್ಕೆ ಒಂದು ಬಾಟಲಿ ಫಿನಾಯಿಲ್ ಪೂರಾ ಸುರಿದು ವರಾಂಡದಲ್ಲಿ ಊದುಬತ್ತಿ ಹಚ್ಚಿಡುವ ಪದ್ಧತಿ ಎಷ್ಟೋ ಕಡೆ ಇದೆ. ಬಂದವರು ಚೆನ್ನಾಗಿ ಇಟ್ಟಿದ್ದೀರಿ ಎಂದು ಪುಸ್ತಕದಲ್ಲಿ ಬರೆದು ಹೋಗುತ್ತಾರೆ. ವಾಸನೆ ಎಲ್ಲಿಗೂ ಹೋಗಿರುವುದಿಲ್ಲ. ಮಾರನೇ ದಿನ ಮಕ್ಕಳಿಗೆ ಸಿಗುತ್ತದೆ.

ನಮ್ಮ ಅಭಿಪ್ರಾಯ ಕೇಳಿದರೆ, ಕೆಟ್ಟ ವಾಸನೆ ಎಂಬುದು ಮನೆ ನಮಗೆ ಬರೆದುಕೊಡುವ ದೂರಿನ ಅರ್ಜಿ. ಊದುಬತ್ತಿ ಹಚ್ಚುವುದೆಂದರೆ ಅರ್ಜಿ ಓದದೆಯೇ ಫೈಲಿಗೆ ಸೇರಿಸಿದ ಹಾಗೆ. ಇದಕ್ಕಿಂತ ಕೆಟ್ಟ ಅಭ್ಯಾಸ ಇನ್ನೊಂದಿದೆ. ವಾಸನೆಯನ್ನು ಒಂದು ಮಗುವಿನ ಮೇಲೋ ಒಂದು ಕೇರಿಯ ಮೇಲೋ ಹೊರಿಸಿ ಹುಡುಕುವುದನ್ನೇ ನಿಲ್ಲಿಸಿಬಿಡುವುದು. ಈ ಲೇಖನ ಬರೆಯಬೇಕು ಅನ್ನಿಸಿದ್ದೇ ಅದರಿಂದ. ಅದಕ್ಕೆ ಬರುತ್ತೇವೆ, ಮೊದಲು ಮನೆಯ ವಿಷಯ.

ನಾವು ಪಾಠ ಹೇಳಿದ ಎರಡು ಊರುಗಳೆಂದರೆ ಹಿಂದೂಪುರ ಮತ್ತು ಕಲ್ಯಾಣದುರ್ಗ. ಎರಡಕ್ಕೂ ಅವುಗಳದೇ ವಾಸನೆ ಇದೆ. ಹಿಂದೂಪುರದ ಮಾರುಕಟ್ಟೆ ಕಡೆ ಹೋದರೆ ಹುಣಸೆಹಣ್ಣಿನ ಹುಳಿ, ಮೆಣಸಿನಕಾಯಿಯ ಘಾಟು, ಇತ್ತ ತಿರುಗಿದರೆ ರೇಷ್ಮೆಗೂಡು. ಕಲ್ಯಾಣದುರ್ಗದ ಕಡೆ ಕಡಲೆಕಾಯಿ ಕಾಲ ಬಂದರೆ ಹೊಟ್ಟಿನ ಧೂಳು, ಎಣ್ಣೆ ಹಿಂಡಿ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಕಾಣುವ ಸೀಮೆ ನಮ್ಮದು. ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆಗೆ ನಮ್ಮಲ್ಲಿರುವ ಬೆಲೆ ಮಲೆನಾಡಿನವರಿಗೆ ಗೊತ್ತಿರಲಾರದು. ಆ ವಾಸನೆಗೆ ಮುಖ್ಯ ಕಾರಣ ಮಣ್ಣಿನ ಸೂಕ್ಷ್ಮಜೀವಿಗಳು ತಯಾರಿಸುವ ಜಿಯೋಸ್ಮಿನ್ ಎಂಬ ವಸ್ತು. ಲಕ್ಷ ಕೋಟಿ ಪಾಲಿನಲ್ಲಿ ಕೆಲವೇ ಪಾಲು ಇದ್ದರೂ ಮನುಷ್ಯನ ಮೂಗು ಅದನ್ನು ಹಿಡಿಯುತ್ತದೆ. ಅಷ್ಟು ಚುರುಕಾದ ಮೂಗನ್ನು ಮುಖದ ಮೇಲೆ ಇಟ್ಟುಕೊಂಡವರು ನಾವು. ಹಿತ್ತಲಿನ ಮೋರಿ ಎಲ್ಲಿ ಕಟ್ಟಿಕೊಂಡಿದೆ ಎಂದು ಹುಡುಕಲಾರೆವೇ?

ಹುಡುಕಬೇಕಾದರೆ ವಾಸನೆಗೆ ಹೆಸರು ಬೇಕು. ಇಲ್ಲಿ ನಮ್ಮ ಗಡಿ ಶಾಲೆಗಳ ಒಂದು ತಮಾಷೆ ಹೇಳಲೇಬೇಕು. ಬೋರ್ಡಿನ ಮೇಲೆ ‘ಮಲ್ಲಿಗೆಯ ಕಂಪು’ ಎಂದು ಬರೆದರೆ ತರಗತಿ ಗೊಳ್ಳೆಂದು ನಗುತ್ತದೆ. ಕನ್ನಡದ ಕಂಪು ಪರಿಮಳ. ತೆಲುಗಿನ ಆಡುಮಾತಿನಲ್ಲಿ ಕಂಪು ಎಂದರೆ ಗಬ್ಬುನಾತ! ಹೊಸದಾಗಿ ಕರ್ನಾಟಕದ ಕಡೆಯಿಂದ ಬಂದ ಶಿಕ್ಷಕರಿಗೆ ಮಕ್ಕಳು ಯಾಕೆ ನಗುತ್ತಿದ್ದಾರೆ ಎಂದೇ ತಿಳಿಯುವುದಿಲ್ಲ. ತಮಿಳಿನಲ್ಲೂ ಹೀಗೇ, ನಾಟ್ರಂ ಎಂಬ ಮಾತು ಹಿಂದೆ ಸುವಾಸನೆಗೂ ಸಲ್ಲುತ್ತಿತ್ತು, ಈಗ ಅದು ನಾತ. ಅಕ್ಕಪಕ್ಕದ ಮನೆಯ ಭಾಷೆಗಳು ಮೂಗಿನ ವಿಷಯದಲ್ಲಿ ಮಾತ್ರ ಜಗಳ ಆಡುತ್ತವೆ ಅನ್ನಿಸುತ್ತದೆ.

ತಮಾಷೆ ಇರಲಿ. ನಮ್ಮ ಅಜ್ಜಿಯಂದಿರ ಬಾಯಲ್ಲಿ ಎಷ್ಟು ವಾಸನೆಗಳಿದ್ದವು ನೋಡಿ. ಹಳೆ ಎಣ್ಣೆಯದು ಕಮಟು, ಥಂಡಿ ಹಿಡಿದ ಅಕ್ಕಿ ಬಟ್ಟೆಯದು ಮುಗ್ಗಲು, ತಳ ಹಿಡಿದದ್ದು ಸೀದ ವಾಸನೆ, ಮೊಟ್ಟೆ ಮೀನಿನದು ಗವಲು, ನಿನ್ನೆಯ ಸಾರಿನದು ಹಳಸಲು, ಒಗ್ಗರಣೆ ಮೆಣಸಿನಕಾಯಿಯದು ಘಾಟು. ತೆಲುಗಿನವರ ಮನೆಯಲ್ಲೂ ಇಷ್ಟೇ ಸಂಪತ್ತು: ನೀಚು, ಮಾಡು, ಮುಕ್ಕಿನ ಬಿಯ್ಯಂ. ಇವತ್ತಿನ ಮಕ್ಕಳನ್ನು ಕೇಳಿದರೆ ಎಲ್ಲಕ್ಕೂ ಒಂದೇ ಉತ್ತರ, ‘ಬ್ಯಾಡ್ ಸ್ಮೆಲ್ ಸಾರ್’. ಬ್ಯಾಡ್ ಸ್ಮೆಲ್ ಎಂದರೆ ಎಲ್ಲಿ ಹುಡುಕುವುದು? ಕಮಟು ಎಂದರೆ ಎಣ್ಣೆ ಡಬ್ಬಿ ನೋಡಬೇಕು, ಮುಗ್ಗಲು ಎಂದರೆ ಗೋಡೆಯ ಥಂಡಿ ನೋಡಬೇಕು, ಕೊಳೆತ ಮೊಟ್ಟೆಯ ನಾತ ಎಂದರೆ ಮೋರಿ ನೋಡಬೇಕು. ಹೆಸರಿನಲ್ಲೇ ಅರ್ಧ ಪತ್ತೆ ಇದೆ. ಕನ್ನಡ ಮಾಧ್ಯಮದಲ್ಲಿ ಓದಿ ಏನು ಉಪಯೋಗ ಎಂದು ಕೇಳುವವರಿಗೆ ಕೊಡಲು ನಮ್ಮ ಹತ್ತಿರ ಇದೂ ಒಂದು ಉತ್ತರ!

ಇನ್ನು ಹುಡುಕುವ ಕ್ರಮ. ಮನೆಯವರ ಮೂಗನ್ನು ನಂಬಬೇಡಿ. ಯಾವ ವಾಸನೆಯಲ್ಲೇ ಆಗಲಿ ಕೆಲವು ನಿಮಿಷ ಕೂತರೆ ಮೂಗು ಅದಕ್ಕೆ ಒಗ್ಗಿಹೋಗುತ್ತದೆ, ಆಮೇಲೆ ಇದ್ದರೂ ತಿಳಿಯುವುದಿಲ್ಲ. ನೆಂಟರು ಬಾಗಿಲಲ್ಲೇ ಮುಖ ಸಿಂಡರಿಸುತ್ತಾರೆ, ನಮಗೆ ಏನೂ ಗೊತ್ತಿರುವುದಿಲ್ಲ. ಅದಕ್ಕೇ ಬೆಳಗ್ಗೆ ಎದ್ದು ಹೊರಗೆ ಒಂದು ಸುತ್ತು ಹೋಗಿ ಬಂದು ಬಾಗಿಲು ತೆಗೆದ ಕೂಡಲೇ ಮೂಸಬೇಕು. ರಾತ್ರಿ ಒಂದೊಂದು ಕೋಣೆಯ ಬಾಗಿಲನ್ನೂ ಬೇರೆ ಬೇರೆ ಮುಚ್ಚಿಟ್ಟಿದ್ದರೆ ಬೆಳಗ್ಗೆ ಯಾವ ಕೋಣೆಯದು ಎಂದು ತಾನೇ ಹೇಳುತ್ತದೆ. ಫ್ಯಾನ್ ಹಾಕಬೇಡಿ, ಅದು ವಾಸನೆಯನ್ನು ಮನೆಯೆಲ್ಲಾ ಹಂಚುತ್ತದೆ. ಬಗ್ಗಿ ಮೂಸಿ, ಸ್ಟೂಲ್ ಹತ್ತಿ ಮೂಸಿ. ಪಕ್ಕದ ಮನೆಯ ಹುಡುಗನನ್ನು ಕರೆದು ಕೇಳಿದರೂ ಆದೀತು. 2020, 21ರಲ್ಲಿ ಕೊರೊನಾ ಬಂದಾಗ ಎಷ್ಟೋ ಜನರ ಮೂಗು ಸತ್ತುಹೋಯಿತು, ಕೆಲವರಿಗೆ ಪೂರ್ತಿ ಮರಳಿ ಬರಲೇ ಇಲ್ಲ. ಮನೆಯಲ್ಲಿ ಅಡುಗೆ ಮಾಡುವವರಿಗೇ ಹಾಗಾಗಿದ್ದರೆ ಹಾಲು, ಎಣ್ಣೆ, ಗ್ಯಾಸ್ ಇವನ್ನು ಇನ್ನೊಬ್ಬರು ದಿನಾ ಮೂಸಿ ನೋಡುವ ಏರ್ಪಾಡು ಬೇಕು.

ನಮ್ಮ ಕಡೆ ಬೇಸಿಗೆಯ ಅತಿ ಸಾಮಾನ್ಯ ನಾತಕ್ಕೆ ಕಾರಣ ಬಹಳ ಸಣ್ಣದು. ಬಚ್ಚಲಿನ ಜಾಲರಿ ಕೆಳಗೆ, ಕಮೋಡಿನ ಬಾಗಿದ ಕೊಳವೆಯಲ್ಲಿ ಯಾವಾಗಲೂ ಒಂದಿಷ್ಟು ನೀರು ನಿಂತಿರುತ್ತದೆ. ಗುಂಡಿಯ ಗಾಳಿ ಮೇಲೆ ಬಾರದಂತೆ ತಡೆಯುವುದು ಆ ನೀರೇ. 1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರ ತಯಾರಕರು ಇಂಥ ಬಾಗಿದ ಕೊಳವೆಗೆ ಪೇಟೆಂಟ್ ಪಡೆದರು, ಇವತ್ತಿಗೂ ಅದಕ್ಕಿಂತ ಒಳ್ಳೆಯ ಉಪಾಯ ಬಂದಿಲ್ಲ. ಏಪ್ರಿಲ್ ಕೊನೆಗೆ ಶಾಲೆಗೆ ಬೀಗ ಹಾಕಿ ಜೂನ್‌ನಲ್ಲಿ ತೆಗೆದರೆ ನಮ್ಮ ಬಿಸಿಲಿಗೆ ಆ ನೀರು ಉಳಿದಿರುತ್ತದೆಯೇ? ಗುಂಡಿಯ ಗಾಳಿ ನೇರ ಒಳಗೆ. ‘ನಾಡು-ನೇಡು’ ಕಾರ್ಯಕ್ರಮದಲ್ಲಿ ಶಾಲೆಗಳಿಗೆ ಒಳ್ಳೆಯ ಶೌಚಾಲಯಗಳು ಬಂದವು. ಅಂಥ ಹೊಸ ಕಟ್ಟಡದಲ್ಲೂ ಶಾಲೆ ತೆರೆದ ದಿನ ನಾತ ಬಂದರೆ ಕಳಪೆ ಕೆಲಸ ಎಂದು ಬಯ್ಯುವ ಮೊದಲು ಪ್ರತಿ ಕಿಂಡಿಗೂ ಎರಡು ಚೊಂಬು ನೀರು ಸುರಿದು ಒಂದು ಗಂಟೆ ಕಾಯಿರಿ. ರಜೆಗೆ ಹೋಗುವಾಗ ನೀರಿನ ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಟ್ಟರೆ ಬೇಗ ಆರುವುದಿಲ್ಲ. ಇದಕ್ಕೆ ಖರ್ಚು ಎಷ್ಟು ಹೇಳಿ?

ನೀರೇ ನಾರುತ್ತದೆ ಎಂದು ಕೆಲವರು ಹೇಳುತ್ತಾರೆ. ಒಂದು ಲೋಟ ನೀರು ಹಿಡಿದು ಅಂಗಳಕ್ಕೆ ಬಂದು ಮೂಸಿ ನೋಡಿ. ಅಂಗಳದಲ್ಲಿ ನಾತ ಇಲ್ಲ ಎಂದರೆ ದೋಷ ಸಿಂಕಿನ ಕೊಳವೆಯದು. ಅಂಗಳದಲ್ಲೂ ಮೊಟ್ಟೆಯ ನಾತ ಇದ್ದರೆ ಬೋರ್‌ವೆಲ್ ನೀರಿನಲ್ಲಿ ಗಂಧಕದ ಗಾಳಿ ಸೇರಿದೆ, ಇಲ್ಲವೇ ಮೇಲಿನ ಟ್ಯಾಂಕಿನ ತಳದಲ್ಲಿ ಕೆಸರು ಕೊಳೆತಿದೆ. ಮಣ್ಣಿನ ವಾಸನೆ ಮಾತ್ರ ಬಂದರೆ ಆಗಲೇ ಹೇಳಿದ ಜಿಯೋಸ್ಮಿನ್, ಪಾಚಿ ಕಟ್ಟಿದ ಟ್ಯಾಂಕಿನಲ್ಲಿ ಅದೂ ಸಾಮಾನ್ಯ. ನೀರು ಬಿಟ್ಟ ದಿನ ತುಂಬಿಸಿ ಇಟ್ಟುಕೊಳ್ಳುವ ನಮ್ಮಂಥ ಊರುಗಳಲ್ಲಿ ಟ್ಯಾಂಕ್ ಖಾಲಿ ಮಾಡಿ ತೊಳೆಯಲು ಯಾರಿಗೂ ಮನಸ್ಸು ಬರುವುದಿಲ್ಲ, ಅದು ನಮಗೂ ಗೊತ್ತು. ಆದರೂ ತೊಳೆಯಲೇಬೇಕು.

ಸತ್ತ ಇಲಿಯ ವಿಷಯ ಎಲ್ಲರಿಗೂ ಗೊತ್ತಿರುವುದೇ. ಪಾಷಾಣ ಇಟ್ಟವರಿಗೆ ಒಂದು ಮಾತು, ಅದು ತಿಂದ ಇಲಿ ನಿಮಗೆ ಅನುಕೂಲವಾದ ಜಾಗದಲ್ಲಿ ಸಾಯುವುದಿಲ್ಲ! ಅಟ್ಟದ ಮೂಟೆಯ ಹಿಂದೆ, ಫ್ರಿಜ್ಜಿನ ಅಡಿಯಲ್ಲಿ ನೋಡಿ. ಹಸಿರು ನೊಣ ಎಲ್ಲಿ ಸುತ್ತುತ್ತದೋ ಅಲ್ಲಿ ಹುಡುಕಿ, ನಮಗಿಂತ ಅದರ ಮೂಗು ಜೋರು.

ಹಿತ್ತಲಿನಲ್ಲೂ ಒಮ್ಮೊಮ್ಮೆ ಇದೇ ನಾತ ಬರುತ್ತದೆ, ಎಷ್ಟು ಹುಡುಕಿದರೂ ಇಲಿ ಸಿಗುವುದಿಲ್ಲ. ಮೊದಲ ಮಳೆ ಬಿದ್ದ ಮೇಲೆ ಹೀಗಾದರೆ ಸುವರ್ಣಗೆಡ್ಡೆ ನೆಟ್ಟ ಜಾಗ ನೋಡಿ. ಕೀಳದೆ ಬಿಟ್ಟ ಹಳೆ ಗೆಡ್ಡೆ ಎಲೆ ಬರುವ ಮೊದಲೇ ನೆಲದಿಂದ ನೇರ ಹೂ ಬಿಡುತ್ತದೆ. ಕಡುಗೆಂಪು ಬಣ್ಣದ ದೊಡ್ಡ ಹೂ, ಕೊಳೆತ ಮಾಂಸದ ನಾತ. ಹೆಣ ತಿನ್ನುವ ಕೀಟಗಳನ್ನು ಕರೆದು ಪರಾಗಸ್ಪರ್ಶ ಮಾಡಿಸಿಕೊಳ್ಳಲು ಅದು ಹೂಡಿದ ಉಪಾಯ. ಒಂದೆರಡು ದಿನದಲ್ಲಿ ತಾನೇ ಅಡಗುತ್ತದೆ. ಅಪಶಕುನ ಎಂದು ಕಿತ್ತು ಎಸೆಯಬೇಡಿ, ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ. ಪಾಠಪುಸ್ತಕದಲ್ಲಿ ಇಂಥ ಪಾಠ ಸಿಗುವುದಿಲ್ಲ.

ಮಳೆಗಾಲ ಕಳೆದು ಅಕ್ಟೋಬರ್ ನವೆಂಬರ್‌ನಲ್ಲಿ ಸಂಜೆಯಾದ ಮೇಲೆ ತಲೆ ಹಿಡಿಯುವಂಥ ವಾಸನೆ ಬಂದರೆ ಅದು ಸಪ್ತಪರ್ಣಿ, ತೆಲುಗಿನಲ್ಲಿ ಏಡಾಕುಲ ಚೆಟ್ಟು. 2014ರ ಹುದ್‌ಹುದ್ ಚಂಡಮಾರುತದಲ್ಲಿ ಮರಗಳನ್ನು ಕಳೆದುಕೊಂಡ ವಿಶಾಖಪಟ್ಟಣದಲ್ಲಿ ಇದನ್ನು ಸಾಲು ಸಾಲಾಗಿ ನೆಟ್ಟರು. ಅವು ಹೂ ಬಿಡತೊಡಗಿದ ಮೇಲೆ ಉಸಿರಾಡಲು ಆಗುತ್ತಿಲ್ಲ ಎಂದು ಜನ ದೂರು ಕೊಟ್ಟರು. ಅದೇ ಮರದ ಎಲೆಯನ್ನು ಶಾಂತಿನಿಕೇತನದ ವಿಶ್ವಭಾರತಿಯಲ್ಲಿ ಘಟಿಕೋತ್ಸವದ ದಿನ ಗೌರವದಿಂದ ಕೊಡುತ್ತಾರೆ. ಇದರ ಶಾಸ್ತ್ರೀಯ ಹೆಸರು ಆಲ್ಸ್‌ಟೋನಿಯಾ ಸ್ಕಾಲರಿಸ್. ಹಿಂದೆ ಮಕ್ಕಳು ಬರೆಯುವ ಹಲಗೆಗಳನ್ನು ಇದರ ಮರದಲ್ಲಿ ಮಾಡುತ್ತಿದ್ದುದರಿಂದ ಆ ಹೆಸರು ಬಂತು. ಶಾಲೆಯ ಮರ ಎಂದೇ ಹೇಳಬಹುದು, ತರಗತಿಯ ಕಿಟಕಿ ಪಕ್ಕ ಮಾತ್ರ ನೆಡಬೇಡಿ.

ಗೊಬ್ಬರದ ಗುಂಡಿ ನಾರಿದರೆ ಅದಕ್ಕೆ ಗಾಳಿ ಸಾಲದು, ನೀರು ಹೆಚ್ಚಾಗಿದೆ ಎಂದರ್ಥ. ಮೂಗಿಗೆ ಚುಚ್ಚುವ ಘಾಟು ಬಂದರೆ ಸಗಣಿ ಮತ್ತು ಹಸಿ ಸೊಪ್ಪು ಜಾಸ್ತಿಯಾಗಿದೆ. ಎರಡಕ್ಕೂ ಒಂದೇ ಮದ್ದು: ಒಣಗಿದ ಎಲೆ, ಕಡಲೆಕಾಯಿ ಹೊಟ್ಟು ಬೆರೆಸಿ ಮಗುಚಿ ಹಾಕುವುದು. ಕಲ್ಯಾಣದುರ್ಗದ ಕಡೆಯವರಿಗೆ ಹೊಟ್ಟಿಗೇನು ಬರವೇ?

ಇಷ್ಟು ಹೊತ್ತು ಹುಡುಕಿ ಹುಡುಕಿ ಎಂದೆವು. ಹುಡುಕುತ್ತಾ ನಿಲ್ಲಬಾರದ ವಾಸನೆಗಳೂ ಇವೆ. ಅಡುಗೆ ಗ್ಯಾಸಿಗೆ ಸ್ವಂತ ವಾಸನೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಆ ನಾತ ಮರ್ಕ್ಯಾಪ್ಟನ್ ಎಂಬ ವಸ್ತುವಿನದು, ಬೇಕೆಂದೇ ಬೆರೆಸಿದ್ದು. ಅನಿಲಕ್ಕೆ ಹೀಗೆ ನಾತ ಸೇರಿಸಲೇಬೇಕು ಎಂಬ ಕಾನೂನಿನ ಹಿಂದೆ ಒಂದು ಶಾಲೆ ಇದೆ. 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಾಸ್ ರಾಜ್ಯದ ನ್ಯೂ ಲಂಡನ್ ಎಂಬ ಊರಿನ ಶಾಲೆಯ ಅಡಿಯಲ್ಲಿ ಸೋರಿದ ಅನಿಲ ಯಾರ ಮೂಗಿಗೂ ತಿಳಿಯದೆ ತುಂಬಿಕೊಂಡು ಸ್ಫೋಟವಾಯಿತು. ಮಕ್ಕಳು, ಶಿಕ್ಷಕರು ಸೇರಿ ಸುಮಾರು 300 ಜನ ಸತ್ತರು. ಅದಾದ ಕೆಲವೇ ವಾರಗಳಲ್ಲಿ ಆ ರಾಜ್ಯದಲ್ಲಿ ಕಾನೂನು ಬಂತು. ಗ್ಯಾಸಿನ ನಾತ ಬಂದಾಗ ಪ್ರತಿ ಸಲವೂ ನಮಗೆ ಆ ಮಕ್ಕಳ ನೆನಪಾಗುತ್ತದೆ. ಸ್ವಿಚ್ ಹಾಕಬೇಡಿ, ಹಾಕಿದ್ದನ್ನು ಆರಿಸಲೂ ಬೇಡಿ. ಬಾಗಿಲು ಕಿಟಕಿ ತೆಗೆದು, ರೆಗ್ಯುಲೇಟರ್ ಮುಚ್ಚಿ ಹೊರಗೆ ಬನ್ನಿ, ಹೊರಗಿನಿಂದ 1906ಕ್ಕೆ ಫೋನ್ ಮಾಡಿ. ಈ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಡುತ್ತದೆ. ಇಂಥ ಹೊತ್ತಿನಲ್ಲಿ ವಾಸನೆ ಹೋಗಲಿ ಎಂದು ಊದುಬತ್ತಿ ಹಚ್ಚುವ ಕೈ ಎಷ್ಟು ಅಪಾಯದ್ದು ಯೋಚಿಸಿ.

ಮೀನು ತಾರದ ಮನೆಯಲ್ಲಿ ಗವಲು ವಾಸನೆ ಬಂದರೆ ಸ್ವಿಚ್ ಬೋರ್ಡ್ ಮುಟ್ಟಿ ನೋಡುವ ಸಾಹಸ ಮಾಡದೆ ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ ಕರೆಯಿರಿ. ಬಿಸಿಯಾದ ಪ್ಲಗ್ಗು, ವೈರಿನ ಹೊದಿಕೆ ಕಾಯುವಾಗ ಹಾಗೆ ನಾರುತ್ತವೆ. ಬೇಳೆ, ಕಾಳಿನ ಮೂಟೆಗೆ ಹುಳ ಹಿಡಿಯಬಾರದೆಂದು ಕೆಲವರು ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಹಾಕುತ್ತಾರೆ, ಅದೂ ಮಲಗುವ ಕೋಣೆಯಲ್ಲೇ. ಗಾಳಿಯ ತೇವ ತಾಗಿದರೆ ಅದರಿಂದ ಫಾಸ್ಫೀನ್ ಎಂಬ ವಿಷದ ಅನಿಲ ಏಳುತ್ತದೆ. ಬೆಳ್ಳುಳ್ಳಿಯ ಹಾಗೋ ಕೊಳೆತ ಮೀನಿನ ಹಾಗೋ ವಾಸನೆ. ವಾಸನೆ ಕಡಿಮೆಯಾಯಿತೆಂದು ಅಪಾಯ ಹೋಯಿತು ಎನ್ನುವಂತಿಲ್ಲ. ಮನೆ ಎಂಬ ಜಾಗಕ್ಕೆ ಆ ಮಾತ್ರೆ ಬರಲೇಬಾರದು, ಇದರಲ್ಲಿ ನಮಗೆ ಎರಡು ಮಾತಿಲ್ಲ. ನುಸಿಗುಳಿಗೆ ಕೂಡ ಅಷ್ಟು ಸಾಧು ಅಲ್ಲ. ಅದರ ಜೊತೆ ಟ್ರಂಕಿನಲ್ಲಿಟ್ಟ ಬಟ್ಟೆಯನ್ನು ಹಾಗೇ ತೆಗೆದು ಹಸುಗೂಸಿಗೆ ಸುತ್ತಿದರೆ, ಹುಟ್ಟಿನಿಂದ ಒಂದು ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ರಕ್ತದ ಕೆಂಪು ಕಣಗಳು ಒಡೆದು ಕಾಮಾಲೆ ಬರಬಹುದು. ಒಗೆದು ಬಿಸಿಲಿಗೆ ಹಾಕಿಯೇ ಸುತ್ತಬೇಕು.

ಶಾಲೆಯ ಅಡುಗೆಮನೆಗೆ ಬರೋಣ. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಹಳ್ಳಿಯ ಶಾಲೆಯಲ್ಲಿ ಬಿಸಿಯೂಟ ಉಂಡು 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಸೇರಿತ್ತು. ಎಣ್ಣೆ ಸರಿಯಾಗಿಲ್ಲ ಎಂದು ಅಡುಗೆಯವರು ಮೊದಲೇ ಹೇಳಿದ್ದರು ಎಂದು ಆಗ ಪತ್ರಿಕೆಗಳಲ್ಲಿ ಬಂತು. ಅವರ ಮಾತು ನಡೆಯಲಿಲ್ಲ. ನಮ್ಮ ಶಾಲೆಗಳಲ್ಲಿ ಈಗ ಡೊಕ್ಕಾ ಸೀತಮ್ಮ ಅವರ ಹೆಸರಿನಲ್ಲಿ ಬಿಸಿಯೂಟ ನಡೆಯುತ್ತಿದೆ, ಅನ್ನ ಸಾರಿನ ಜೊತೆ ಮೊಟ್ಟೆ, ಕಡಲೆಕಾಯಿ ಚಿಕ್ಕಿ. ಅಡುಗೆಯಮ್ಮಂದಿರು ಇಪ್ಪತ್ತು ವರ್ಷ ಒಲೆ ಮುಂದೆ ಕೂತವರು. ಎಣ್ಣೆ ಕಮಟು, ಬೇಳೆ ಮುಗ್ಗಿದೆ, ಮೊಟ್ಟೆ ಸರಿ ಇಲ್ಲ ಎಂದು ಅವರು ಹೇಳಿದರೆ ಅದು ಅಂತಿಮ ತೀರ್ಪು ಆಗಬೇಕು. ಓದಿದ ನಾವು ಹೋಗಿ ‘ಏನೂ ಆಗಲ್ಲಮ್ಮ, ಹಾಕು’ ಎನ್ನಬಾರದು. ಕಡಲೆಕಾಯಿ ಬೆಳೆಯುವ ಸೀಮೆಯಲ್ಲಿ ಇದ್ದೇವೆ, ಬೂಸಲು ಹಿಡಿದ ಕಡಲೆಬೀಜದ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ ಎಂಬುದು ತಿಳಿದಿರಲಿ. ಔಷಧಿ ಹೊಡೆದ ಖಾಲಿ ಕ್ಯಾನನ್ನು ತೊಳೆದು ಎಣ್ಣೆಗೆ, ನೀರಿಗೆ ಇಟ್ಟುಕೊಳ್ಳುವ ಮನೆಗಳು ಇವತ್ತಿಗೂ ಇವೆ. ಪೋಷಕರ ಸಭೆಯಲ್ಲಿ ಇದನ್ನು ಪ್ರತಿ ವರ್ಷ ಹೇಳುತ್ತಿದ್ದೇವೆ.

ಈಗ ಮೊದಲೇ ಹೇಳಿದ ಮಾತು. ಎರಡನೇ ತರಗತಿಯ ಒಬ್ಬ ಹುಡುಗಿಯ ಪಕ್ಕ ಯಾರೂ ಕೂರಲೊಲ್ಲರು. ‘ಕಂಪು ಸಾರ್!’ ತೆಲುಗಿನ ಅರ್ಥದಲ್ಲಿ. ಅವಳು ಕೊನೆಯ ಸಾಲಿನಲ್ಲಿ ಗೋಡೆಗೆ ಒತ್ತಿಕೊಂಡು ಕೂರುವುದನ್ನು ತಾನೇ ಕಲಿತುಬಿಟ್ಟಿದ್ದಳು. ಸ್ನಾನ ಮಾಡಿಸಿ ಕಳಿಸಿ ಎಂದು ತಾಯಿಗೆ ಅವರಿವರು ಹೇಳಿ ಹೇಳಿ ಆಕೆಗೂ ಸಾಕಾಗಿತ್ತು. ಕರೆಸಿದಾಗ ಕಣ್ಣೀರು ಹಾಕಿಕೊಂಡೇ ಬಂದರು. ‘ದಿನಾ ಎರಡು ಹೊತ್ತು ನೀರು ಹಾಕ್ತೀನಿ ಸಾರೂ, ಸೀಗೆಕಾಯಿ ಉಜ್ತೀನಿ, ಇನ್ನೇನು ಮಾಡ್ಲಿ?’ ಮಗುವಿನ ಬಟ್ಟೆ ಶುಭ್ರವಾಗಿತ್ತು, ತಲೆ ಎಣ್ಣೆ ಹಚ್ಚಿ ಬಾಚಿತ್ತು. ಹತ್ತಿರ ಕೂರಿಸಿಕೊಂಡು ನೋಡಿದರೆ ಗೊಣ್ಣೆ ಬರುತ್ತಿದ್ದುದು ಒಂದೇ ಹೊಳ್ಳೆಯಿಂದ, ಕೀವಿನ ಬಣ್ಣ. ನಾತವೂ ಅಲ್ಲಿಂದಲೇ. ಕಿವಿ ಮೂಗಿನ ವೈದ್ಯರ ಹತ್ತಿರ ಕಳಿಸಿದೆವು. ಐದು ನಿಮಿಷದಲ್ಲಿ ಪೆನ್ಸಿಲ್ ಅಳಿಸುವ ರಬ್ಬರಿನ ಒಂದು ಚೂರು ಹೊರಗೆ ಬಂತು. ಎಷ್ಟು ವಾರದಿಂದ ಅಲ್ಲಿತ್ತೋ! ಅವಳಿಗೂ ಮರೆತುಹೋಗಿತ್ತು.

ಚಿಕ್ಕ ಮಕ್ಕಳಲ್ಲಿ ಒಂದೇ ಹೊಳ್ಳೆಯಿಂದ ನಾತದ ಗೊಣ್ಣೆ ಬಂದರೆ ಒಳಗೆ ಏನೋ ಸಿಕ್ಕಿಕೊಂಡಿದೆ ಎಂದೇ ವೈದ್ಯರು ಮೊದಲು ಅನುಮಾನಿಸುತ್ತಾರೆ. ಬಳಪದ ತುಂಡು, ಕಡಲೆಬೀಜ, ಮಣಿ, ನಮ್ಮ ಊರಲ್ಲಾದರೆ ಹುಣಸೆಬೀಜ. ಮನೆಯಲ್ಲಿ ಪಿನ್ನು ಕಡ್ಡಿ ಹಾಕಿ ಕೀಳಲು ಹೋಗಬೇಡಿ, ಇನ್ನೂ ಒಳಗೆ ಹೋಗುತ್ತದೆ. ಆಟಿಕೆಯ ಗುಂಡಿ ಬ್ಯಾಟರಿ ಎಂದು ಅನುಮಾನ ಬಂದರಂತೂ ಬೆಳಗಾಗುವವರೆಗೆ ಕಾಯಬಾರದು, ಕೆಲವೇ ಗಂಟೆಗಳಲ್ಲಿ ಮೂಗಿನ ಒಳಗನ್ನು ಸುಟ್ಟುಬಿಡುತ್ತದೆ.

ಆ ಹುಡುಗಿಯ ನಾತಕ್ಕೆ ಕಾರಣ ಸಿಕ್ಕಿತು. ರೇಷ್ಮೆ ನೂಲು ಬಿಚ್ಚುವ ಮನೆಯ ಮಕ್ಕಳ ವಿಷಯದಲ್ಲಿ ಕಾರಣ ಎಲ್ಲರಿಗೂ ಗೊತ್ತೇ ಇದೆ, ಆದರೂ ಬಯ್ಗುಳ ಮಕ್ಕಳಿಗೇ. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ತೆಗೆದ ಮೇಲೆ ಒಳಗಿನ ಹುಳ ಉಳಿಯುತ್ತದೆ. ಅದನ್ನು ಒಣಗಿಸಿ ಕೋಳಿ, ಮೀನಿನ ಆಹಾರಕ್ಕೆ ಮಾರುತ್ತಾರೆ. ನೂಲಿನ ಅಂಟು ಕರಗಿದ ನೀರು ಮೋರಿಯಲ್ಲಿ ನಿಂತು ಕೊಳೆಯುತ್ತದೆ. ಆ ವಾಸನೆ ಬಟ್ಟೆಗೆ, ಕೂದಲಿಗೆ, ಪುಸ್ತಕದ ಹಾಳೆಗೂ ಹಿಡಿಯುತ್ತದೆ. ಯಾವ ಸೋಪಿಗೂ ಒಂದೇ ದಿನದಲ್ಲಿ ಹೋಗುವುದಿಲ್ಲ. ಅದೇ ನೂಲು ಸೀರೆಯಾಗಿ ಮದುವೆ ಮನೆಗೆ ಬಂದಾಗ ಎಲ್ಲರೂ ಮುಟ್ಟಿ ಮುಟ್ಟಿ ನೋಡುತ್ತಾರೆ! ಇದಕ್ಕೆ ಬೇಕಾಗಿರುವುದು ಮುಚ್ಚಿದ ಮೋರಿ, ನೀರು ನಿಲ್ಲದ ವ್ಯವಸ್ಥೆ, ಹುಳ ಒಣಗಿಸಲು ಮನೆಗಳಿಂದ ದೂರ ಒಂದು ಜಾಗ. ಇದನ್ನು ಕೇಳಬೇಕಾದ್ದು ಪುರಸಭೆಯನ್ನು, ಪಂಚಾಯತಿಯನ್ನು. ಹತ್ತು ವರ್ಷದ ಹುಡುಗನಿಗೆ ‘ಆ ಕಡೆ ಕೂತ್ಕೋ’ ಎಂದರೆ ಮೋರಿ ರಿಪೇರಿಯಾಗುವುದಿಲ್ಲ. ಅವನು ಶಾಲೆ ಬಿಡುತ್ತಾನೆ, ಅಷ್ಟೇ ಆಗುವುದು. ನಮ್ಮ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಒಬ್ಬೊಬ್ಬ ಮಗುವೂ ಲೆಕ್ಕಕ್ಕೆ ಬರುತ್ತದೆ ಎಂಬುದು ಓದುಗರಾದ ನಿಮಗೆ ಬೇರೆ ಹೇಳಬೇಕೇ?

ಕೇರಿಯ ಮೇಲೆ ಹೊರಿಸುವುದೂ ಇದೇ ಜಾತಿಯದು. ಎಲ್ಲರ ಮನೆಯ ಗುಂಡಿ ತುಂಬುತ್ತದೆ, ಇಳಿಯಲು ಮಾತ್ರ ಒಂದೇ ಕೇರಿಯವರು ಬೇಕು, ಮೇಲೆ ಬಂದಾಗ ನಾತ ಅವರದು! ಸೆಪ್ಟಿಕ್ ಟ್ಯಾಂಕಿನ ಹೂಳನ್ನು ಎರಡು ಮೂರು ವರ್ಷಕ್ಕೊಮ್ಮೆ ಯಂತ್ರದಿಂದ ತೆಗೆಸಬೇಕು. ನಮ್ಮಲ್ಲಿ ಉಕ್ಕಿ ಅಂಗಳಕ್ಕೆ ಬರುವವರೆಗೆ ಯಾರೂ ನೆನೆಯುವುದಿಲ್ಲ. ಆಗ ಅವಸರದಲ್ಲಿ ಯಾರನ್ನೋ ಕರೆತಂದು ಇಳಿಸುತ್ತಾರೆ. ಗುಂಡಿಯ ಗಾಳಿಯಲ್ಲಿರುವ ಹೈಡ್ರೋಜನ್ ಸಲ್ಫೈಡ್ ಅತಿ ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ನಾತ ಕೊಡುತ್ತದೆ. ಹತ್ತು ಲಕ್ಷ ಪಾಲಿನಲ್ಲಿ ನೂರು ಪಾಲಿನಷ್ಟಾದರೆ ಮೂಗಿನ ನರವನ್ನೇ ಮರಗಟ್ಟಿಸುತ್ತದೆ. ನಾತ ಹೋಯಿತು, ಇಳಿಯಬಹುದು ಎಂದುಕೊಂಡ ಮನುಷ್ಯ ಮೇಲೆ ಬರುವುದಿಲ್ಲ, ಅವನನ್ನು ಎತ್ತಲು ಇಳಿದವನೂ ಬರುವುದಿಲ್ಲ. ರಕ್ಷಣೆಯಿಲ್ಲದೆ ಮನುಷ್ಯರನ್ನು ಗುಂಡಿಗೆ ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಹೀಗೆ ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟು 2023ರ ಅಕ್ಟೋಬರ್ 20ರಂದು 30 ಲಕ್ಷ ರೂಪಾಯಿಗೆ ಏರಿಸಿತು. ಯಂತ್ರದ ಲಾರಿಯ ಬಾಡಿಗೆ ಜಾಸ್ತಿ ಎನ್ನುವ ಮನೆ ಯಜಮಾನರು ಈ ಎರಡು ಲೆಕ್ಕವನ್ನು ಪಕ್ಕಪಕ್ಕ ಇಟ್ಟು ನೋಡಲಿ.

ಗುಂಡಿಗೆ ಗಾಳಿ ಕೊಳವೆ ಇದೆಯೇ, ಅದು ಮಾಳಿಗೆಗಿಂತ ಮೇಲಕ್ಕೆ ಹೋಗಿದೆಯೇ, ತುದಿಗೆ ಸೊಳ್ಳೆ ಜಾಲರಿ ಕಟ್ಟಿದೆಯೇ ಎಂದು ಈ ಭಾನುವಾರ ಒಮ್ಮೆ ನೋಡಿ. ಎಷ್ಟೋ ಮನೆಗಳಲ್ಲಿ ಕೊಳವೆಯ ಬಾಯಿ ಪಕ್ಕದ ಮನೆಯ ಕಿಟಕಿಗೆ ಎದುರಾಗಿರುತ್ತದೆ, ಅಲ್ಲಿಂದ ಶುರುವಾಗುವ ಜಗಳಕ್ಕೆ ಕೊನೆ ಇರುವುದಿಲ್ಲ. ಲಾರಿ ಬಂದ ದಿನ ಮಕ್ಕಳನ್ನು ದೂರ ಕಳಿಸಿ, ಮುಚ್ಚಳ ತೆಗೆದು ಸ್ವಲ್ಪ ಹೊತ್ತು ಬಿಡಿ, ಯಾರೂ ಬಗ್ಗಿ ನೋಡಬಾರದು. ಒಳಗೆ ಹೊತ್ತಿಕೊಳ್ಳುವ ಮೀಥೇನ್ ಕೂಡ ಇರುತ್ತದೆ. ಬೀಡಿಯಾಗಲಿ, ನಾತ ತಡೆಯಲಾರದೆ ಊದುಬತ್ತಿಯಾಗಲಿ ಹತ್ತಿರದಲ್ಲಿ ಹಚ್ಚಬೇಡಿ.